ಬೆಣಚಿಗುಡ್ಡದ ಕ್ಷೌರ

ದೂರದ ಬೆಟ್ಟ ನುಣ್ಣಗೆ, ಹತ್ತಿರದ ಬೆಟ್ಟಕ್ಕೆ ಕ್ಷೌರ ಮಾಡಿಸಿದರೆ ಇನ್ನೂ ನುಣ್ಣಗೆ ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಹಿರಿಯರು ಅರ್ಧವನ್ನಷ್ಟೇ ಹೇಳಿದ್ದರು ಅನ್ನುವವರು ಅವರನ್ನೇ ಕೇಳಿಕೊಳ್ಳಲಿ. ಬೆಣಚಿಹಾಳಿನ ಹಿರಿಯರು ಹೋದ ಮಾಘದಿಂದ ಪೂರ್ತಿ ಹೇಳುತ್ತಿದ್ದಾರೆ. ಯಾಕೆ ಅನ್ನುವುದೇ ಈ ಕತೆ. ಕತೆ ನಿಜ. ಅನುಮಾನವಿದ್ದರೆ ಉಜ್ಜಿನಪ್ಪನ ರುಮಾಲು ಯಾಕೆ ಹೊಸದು ಅಂತ ಊರಲ್ಲಿ ಯಾರನ್ನಾದರೂ ವಿಚಾರಿಸಿ. ಉತ್ತರ ಬರುವ ಮೊದಲು ನಗು ಬರುತ್ತದೆ.

ಊರಿನ ಬೆನ್ನಿಗೇ ಬೆಣಚಿಗುಡ್ಡ. ಗುಡ್ಡದ ಬುಡಕ್ಕೆ ಊರವರ ಕಣಗಳು, ಕಣಗಳಲ್ಲಿ ಜೋಳದ ಸೊಪ್ಪೆ, ಶೇಂಗಾ ಹೊಟ್ಟಿನ ಬಣವೆಗಳು. ಆ ವರ್ಷ ಮಳೆ ಕೈಬಿಚ್ಚಿ ಸುರಿದು ಗುಡ್ಡದ ಹುಲ್ಲು ಎದೆಮಟ ಬೆಳೆದಿತ್ತು. ಈಗ ಒಣಗಿ, ಕಡ್ಡಿ ಗೀರುವವನಿಗಾಗಿ ಕಾಯುತ್ತಾ ನಿಂತಿತ್ತು. ಶಿವರಾತ್ರಿ ಕಳೆದರೆ ಗಾಳಿ ಏಳುತ್ತದೆ. ಹಿಂದಿನ ವರ್ಷ ಹುಲ್ಲು ಮೊಣಕಾಲುದ್ದ ಇದ್ದಾಗಲೇ ಬೆಂಕಿ ಇಳಿದು ಬಂದು ಚೌಡಕ್ಕನ ಬಣವೆಯನ್ನು ನುಂಗಿತ್ತು. ಚೌಡಕ್ಕನ ಎಮ್ಮೆಗಳು ಆ ಬೇಸಿಗೆಯೆಲ್ಲ ಪಕ್ಕದ ಕಣದ ಶಾಂಭವಿಯ ಬಣವೆಯನ್ನು ಮೇಯ್ದು ಬದುಕಿದವು. ಈ ಸಲ ಬೆಂಕಿ ಇಳಿದರೆ ಪಕ್ಕದ ಕಣ ಅನ್ನುವುದೇ ಉಳಿಯುವುದಿಲ್ಲ ಎಂದು ಶಾಂಭವಿಗೆ ಗೊತ್ತಿತ್ತು.

ಅವಳು ನಿರ್ಧರಿಸಿದ್ದು ಇಷ್ಟೆ: ಕಣಗಳ ಮೇಲ್ಗಡೆ, ಗುಡ್ಡದ ಸೊಂಟದಿಂದ ಬುಡದವರೆಗೆ ಅಗಲವಾಗಿ ಹುಲ್ಲು ಬೋಳಿಸಿಬಿಡಬೇಕು. ಹುಲ್ಲಿಲ್ಲದ ಕಡೆ ಬೆಂಕಿಗೆ ಹಲ್ಲಿಲ್ಲ. ಕುಡುಗೋಲಿನಿಂದ ಕೊಯ್ಯಿಸೋಣವೆಂದರೆ ಕೈಗಳೆಲ್ಲ ಕಬ್ಬು ಕಡಿಯಲು ಹೊಳೆದಂಡೆಗೆ ಹೋಗಿದ್ದವು. ಉಳಿದದ್ದು ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಇದ್ದದ್ದು ದೊಡ್ಡಪ್ಪ ಉಜ್ಜಿನಪ್ಪನ ಅಂಗಳದಲ್ಲಿ, ಅದರ ಕೀಲಿಕೈ ಅವನ ಉಡಿದಾರದಲ್ಲಿ. ಹುಡುಗಾಟಕ್ಕೆ ಕೀಲಿಕೈ ಕೇಳಿದವರ ಕೈಕೀಲು ಉಳಿಯುವುದಿಲ್ಲ ಎಂಬ ಪ್ರತೀತಿ ಮನೆಯಲ್ಲಿತ್ತು.

ಶಾಂಭವಿ ಹಡಗಲಿಯ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ಅಪ್ಪ ಕೊಟ್ಟೂರಲ್ಲಿ ಗೊಬ್ಬರದಂಗಡಿ ಇಟ್ಟಿದ್ದರಿಂದ ಊರಿನ ಹೊಲ ಅವಳ ಪಾಲಿಗೆ ಬಂದಿತ್ತು. ಟ್ರ್ಯಾಕ್ಟರ್ ಅವಳ ಕೈಗೆ ಹತ್ತನೇ ತರಗತಿಯಲ್ಲೇ ಪಳಗಿತ್ತು. ಬಾಯಿ ಅದಕ್ಕೂ ಮೊದಲೇ ಪಳಗಿತ್ತು. ಊರಿನ ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಸಂಜೆಯೊಳಗೆ ಅದು ಅವಳ ಗಂಟಲಿನಲ್ಲಿ ಬಾಡಿಗೆಗಿರುತ್ತಿತ್ತು.

"ಗುಡ್ಡಕ್ಕ ಟ್ರ್ಯಾಕ್ಟರಾ?" ಉಜ್ಜಿನಪ್ಪ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ಕೇಳಿದ. "ಭೀಮರಾಜನ ಗತಿ ನೋಡೀಯಿಲ್ಲೋ?"

ಭೀಮರಾಜನ ಗತಿಯನ್ನು ಊರೇ ನೋಡಿತ್ತು. ಮೂರು ವರ್ಷದ ಹಿಂದೆ ಅದೇ ಗುಡ್ಡಕ್ಕೆ ತನ್ನ ಟ್ರ್ಯಾಕ್ಟರ್ ಹತ್ತಿಸಿದ್ದ. ಗಾಡಿ ಕೆರೆಗಿಳಿದ ಎಮ್ಮೆಯ ಹಾಗೆ ನಿಧಾನವಾಗಿ ಮಗ್ಗುಲಾಯಿತು. ಭೀಮರಾಜ ಹಾರಿಕೊಂಡು ಭುಜದ ಎಲುಬು ಮುರಿದುಕೊಂಡ. ಅಂದಿನಿಂದ ಗುಡ್ಡಕ್ಕೆ ಗಾಲಿ ಕಂಡರಾಗದು ಎಂದು ಎಲ್ಲರೂ ನಂಬಿದ್ದರು.

"ಗುಡ್ಡದ ತಪ್ಪಲ್ಲ ದೊಡ್ಡಪ್ಪ. ಭೀಮರಾಜಣ್ಣ ಅಡ್ಡ ಹೊಡದ," ಅಂದಳು ಶಾಂಭವಿ.

"ಮತ್ತ ಅಡ್ಡ ಹೊಡೀದ ಉದ್ದ ಹೊಡೀತಾರೇನು? ನಾನ ಕೆಳಗ ನಿಂತು ಹೇಳಿಕೊಟ್ಟೀನಿ, ಅಡ್ಡ ಹೊಡೀಲೇ ಅಂತ."

ಅಲ್ಲೇ ಇತ್ತು ಗಂಟು. ಇಳಿಜಾರಿಗೆ ಅಡ್ಡವಾಗಿ ಉಳಬೇಕು, ಇಳಿಜಾರಿನುದ್ದ ಉಳುವವನು ಹೊಲದ ಮಣ್ಣನ್ನು ತಾನೇ ಹಳ್ಳಕ್ಕೆ ಹಾಕಿದಂತೆ ಎಂಬುದು ಈ ಸೀಮೆಯ ಮಕ್ಕಳು ಹಾಲಿನ ಜೊತೆ ಕುಡಿದ ಮಾತು. ಉಜ್ಜಿನಪ್ಪನ ಹೊಲದ ಸಾಲುಗಳನ್ನು ನೋಡಲು ದೂರದ ಹಲವಾಗಲು ಊರಿನಿಂದಲೂ ಜನ ಬರುತ್ತಿದ್ದರು. ಒಳ್ಳೆಯ ರೈತನಾದದ್ದೇ ಭೀಮರಾಜನ ತಪ್ಪಾಗಿತ್ತು.

"ಹೊಲದಾಗ ಅಡ್ಡ ಹೊಡದ್ರ ನೀರು ನಿಲ್ತೈತಿ. ಗುಡ್ಡದಾಗ ಅಡ್ಡ ಹೊಡದ್ರ ಗಾಡೀನ ನಿಲ್ಲಂಗಿಲ್ಲ. ಇಲ್ಲಿ ನಾವು ಮಣ್ಣು ಮುಟ್ಟಾಕ ಹೊಂಟಿಲ್ಲ, ಹುಲ್ಲು ಅಷ್ಟ ಕೊಯ್ಯೋದು. ಗುಡ್ಡದ ಹಿಂದಿನ ಕಲ್ಲು ಕ್ವಾರಿ ದಾರೀಲಿ ಹತ್ತಿ, ಮ್ಯಾಲಿಂದ ನೆಟ್ಟಗ ಇಳೀತೀನಿ. ಇಳಿಯೋವಾಗಷ್ಟ ಕೊಯ್ಯೋದು."

"ಅದರ ಹೆಸರ ಇಳಿಜಾರು. ಇಳಿದ್ರ ಜಾರು ಅಂತ ಹಿರೇರು ಹೆಸರಿನಾಗ ಹೇಳಿಟ್ಟಾರ."

ಕಂಬಕ್ಕೊರಗಿ ಕುಳಿತಿದ್ದ ದೊಡ್ಡವ್ವ ನೀಲಗಂಗಮ್ಮ ಅವರೆಕಾಯಿ ಸುಲಿಯುತ್ತಲೇ ಅಂದಳು: "ಕೊಡ್ರಿ ಆಕಿಗೆ. ಬಣವಿ ಸುಟ್ರ ನಿಮ್ಮ ಎತ್ತು ನಿಮ್ಮ ರುಮಾಲು ಮೇಯ್ತಾವನು?"

ಉಜ್ಜಿನಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಜಗಿದ. "ಕೊಡ್ತೀನಿ. ಎರಡು ಮಾತು. ನಾ ಮಡ್‌ಗಾರ್ಡ್ ಮ್ಯಾಲೆ ಕುಂದ್ರಾಂವ. ನಾ ಹೇಳಿದಂಗ ಅಡ್ಡ ಹೊಡೀಬೇಕು. ಇಲ್ಲಂದ್ರ ಇಲ್ಲ."

ಆ ಎರಡರಲ್ಲಿ ಯಾವುದು ಹೆಚ್ಚು ಅಪಾಯ ಎಂದು ಶಾಂಭವಿ ಲೆಕ್ಕ ಹಾಕಿದಳು. ಹಿಂದಿನ ದೊಡ್ಡ ಗಾಲಿಯ ಮೇಲಿನ ಆ ತಗಡಿನ ಮೇಲೆ ಕೂರುವುದು ಈ ಕಡೆ ಹಿರಿತನದ ಗುರುತು. ಉಜ್ಜಿನಪ್ಪ ಸಂತೆಗೂ ಮದುವೆಗೂ ಹಾಗೇ ಹೋದವನು. ವಾದ ಮಾಡಿದರೆ ಕೀಲಿಕೈ ಉಡಿದಾರದಲ್ಲೇ ಉಳಿಯುತ್ತದೆ.

"ಆತು ದೊಡ್ಡಪ್ಪ," ಅಂದಳು. "ನಿನ್ನನ್ನ ಮಡ್‌ಗಾರ್ಡ್ ಮ್ಯಾಲೆ ಕುಂದರಸ್ಕೊಂಡ ಹೋಗ್ತೀನಿ. ಊರೆಲ್ಲ ನೋಡಲಿ."

ಆ ಮಾತನ್ನು ಅವಳು ಅಕ್ಷರಶಃ ಉಳಿಸಿಕೊಂಡಳು.

ಹುಲ್ಲು ಕೊಯ್ಯುವ ಯಂತ್ರ ತಂದವಳು ಪ್ರಿಯಾ. ಅದೇ ಊರಿನ ಹುಲುಗಪ್ಪನ ಮಗಳು, ಶಾಂಭವಿಯ ಶಾಲೆಯ ಗೆಳತಿ. ಡಿಪ್ಲೊಮಾ ಮುಗಿಸಿ ಹಿರೇಹಡಗಲಿಯ ಬಾಡಿಗೆ ಯಂತ್ರಗಳ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಯಂತ್ರ ಒಂದೇ ದಿನಕ್ಕೆ ಸಿಕ್ಕಿತ್ತು, ಮರುದಿನ ಅದು ಬೇರೆ ಊರಿಗೆ ಹೋಗಬೇಕು.

ಪ್ರಿಯಾ ಟ್ರ್ಯಾಕ್ಟರನ್ನು ಒಂದು ಸುತ್ತು ಬಂದು ಕೇಳಿದಳು: "ಸೀಟಿನ ಹಿಂದ ಕಬ್ಬಿಣದ ಕಮಾನು ಇರಬೇಕಲ್ಲ. ಗಾಡಿ ಮಗಚಿದ್ರ ತಲಿ ಕಾಯೋದು. ಎಲ್ಲೈತಿ?"

ಕಮಾನು ಹಿತ್ತಲಲ್ಲಿತ್ತು. ಹೊಸ ಟ್ರ್ಯಾಕ್ಟರ್ ಬಂದ ವಾರವೇ ಅದು ಬೇವಿನ ಕೊಂಬೆಗೆ ತಗಲುತ್ತದೆಂದು ಉಜ್ಜಿನಪ್ಪ ಬಿಚ್ಚಿ ಹಾಕಿದ್ದ. ಈಗ ಅದರ ಮೇಲೆ ನೀಲಗಂಗಮ್ಮನ ಹೀರೆಬಳ್ಳಿ ಹಬ್ಬಿ ಕಾಯಿ ಬಿಟ್ಟಿತ್ತು.

"ಸೀಟಿನ ಪಟ್ಟಿ?"

ಸೀಟಿನ ಪಟ್ಟಿಯಲ್ಲಿ ಕರು ಕಟ್ಟಿದ್ದರು.

ಪ್ರಿಯಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಿಮ್ಮ ಮನ್ಯಾಗ ಹೀರೀಕಾಯಿಗೂ ಕರುವಿಗೂ ಏನೂ ಆಗಂಗಿಲ್ಲ ಬಿಡವ. ಡ್ರೈವರ್ ಏನಾರ ಆಗಲಿ."

ನೀಲಗಂಗಮ್ಮ ಬಳ್ಳಿಯನ್ನು ಬೇಲಿಗೆ ತಿರುಗಿಸಿದಳು. ಕರುವಿಗೆ ಹಗ್ಗ ಬಂತು. ಕಮಾನು ತನ್ನ ಜಾಗ ಸೇರಿತು. ಮೆಕ್ಕೆಜೋಳದ ಸಾಲಿಗೆಂದು ಒಳಗೆ ಒತ್ತಿಸಿದ್ದ ಹಿಂದಿನ ಗಾಲಿಗಳನ್ನು ಬಿಚ್ಚಿ ತಿರುಗಿಸಿ ಅಗಲಕ್ಕೆ ಕೂಡಿಸಿದರು. ಕಾಲಗಲಿಸಿ ನಿಂತವನನ್ನು ದಬ್ಬುವುದು ಕಷ್ಟ. ಹಿಂದೆ ಯಂತ್ರದ ಭಾರ ಬೀಳುವುದರಿಂದ ಮೂತಿ ಏಳದಿರಲೆಂದು ಮುಂದೆ ಭಾರಕ್ಕೆಂದು ಬೀಡುಕಬ್ಬಿಣದ ತುಂಡುಗಳನ್ನು ಏರಿಸಿದರು. ಎಡ ಬಲದ ಎರಡು ಬ್ರೇಕುಗಳನ್ನು ಕೂಡಿಸಿ ಕೊಂಡಿ ಹಾಕಿದರು. ಇಳಿಯುವಾಗ ಒಂದೇ ಗಾಲಿ ಹಿಡಿದರೆ ಗಾಡಿ ಗಿರಕ್ಕನೆ ತಿರುಗುತ್ತದೆ.

ಇಳಿಹೊತ್ತಿಗೆ ಇಬ್ಬರೂ ಕೋಲು ಹಿಡಿದು ಗುಡ್ಡ ತಡವಿದರು. ಹುಲ್ಲಿನಲ್ಲಿ ಅಡಗಿದ್ದ ಕಲ್ಲು, ಹುತ್ತ, ಮುಳ್ಳುಹಂದಿಯ ಬಿಲ ಸಿಕ್ಕಲ್ಲೆಲ್ಲ ಹುಲ್ಲು ತುಳಿದು ಸುಣ್ಣ ಚೆಲ್ಲಿದರು. ದೊಡ್ಡ ಬಂಡೆಯ ಸುತ್ತ ನೆಲ ಗೋಡೆಯ ಹಾಗೆ ನಿಂತಿತ್ತು.

"ಇಲ್ಲಿ ಗಾಡಿ ಬ್ಯಾಡ. ಇದು ಕುಡುಗೋಲಿನ ಪಾಲು," ಅಂದಳು ಪ್ರಿಯಾ.

"ಇಳಿಸಬಲ್ಲೆ," ಅಂದಳು ಶಾಂಭವಿ.

"ಇಳಿಸಬಲ್ಲೆ. ನಿಲ್ಲಿಸಬಲ್ಲೇನು?"

ಶಾಂಭವಿ ಅಲ್ಲೂ ಸುಣ್ಣ ಚೆಲ್ಲಿದಳು. ಕೆಳಗಿಳಿಯುವಾಗ ಕೇಳಿದಳು: "ನಿನ್ನ ಫೋನ್ ನಂಬರ್ ದೊಡ್ಡಪ್ಪನ ಹತ್ರ ಇಲ್ಲಲ್ಲ?"

ಮರುದಿನ ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಉಜ್ಜಿನಪ್ಪ ಅಂಗಳದಲ್ಲಿ ಹೊಸ ಅಂಗಿ ತೊಟ್ಟು, ಮಡ್‌ಗಾರ್ಡ್ ಒರೆಸುತ್ತಿದ್ದಾಗ ಅವನ ಫೋನು ಬಡಿದುಕೊಂಡಿತು. ಆ ಕಡೆಯಿಂದ ಎತ್ತಿನ ವ್ಯಾಪಾರಿ ಗುರುಸಂಗಪ್ಪ. ಗುರುಸಂಗಪ್ಪನ ಮಾತಿನಲ್ಲಿ ಮಾತಿಗಿಂತ ಕೆಮ್ಮು ಹೆಚ್ಚು.

"ಗೌಡ್ರ... ಖ್ಹು... ಒಂದು ಜೋಡಿ ಹೋರಿ ತಂದೀನ್ರಿ. ಕ್ರಾಸಿನಾಗ ಗಾಡಿ... ಖ್ಹು ಖ್ಹು... ನಿಂತೈತಿ. ತಗೊಳ್ಳಾಂವ ಹಲ್ಲು ನೋಡಾಕ ನೀವ ಬರಬೇಕಂತಾನ್ರಿ. ಬ್ಯಾರೇರ ಮಾತು... ಖ್ಹು... ನಂಬಂಗಿಲ್ಲಂತ."

ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಉಜ್ಜಿನಪ್ಪನನ್ನು ಮೀರಿಸುವವರಿರಲಿಲ್ಲ, ಹಾಗೆಂದು ಹೇಳಿಸಿಕೊಳ್ಳುವ ಆಸೆಯಲ್ಲೂ. ಅವನು ಕೀಲಿಕೈ ಬಿಚ್ಚಿ ನೀಲಗಂಗಮ್ಮನ ಕೈಗಿಟ್ಟ. "ಶಾಂಭವಿಗೆ ಇಂಜಿನ್ ಕಾಸಿಡು ಅನ್ನು. ಹೋರಿ ನೋಡಿ ಹಿಂಗ ಬಂದೆ." ಮೊಪೆಡ್ ಹತ್ತಿ ಹೋದ. ಅವನಿಗೆ ಹಲ್ಲಿನ ಚಿಂತೆ, ಅವಳಿಗೆ ಹುಲ್ಲಿನ ಚಿಂತೆ.

ದನದ ಮನೆಯ ಹಿಂದೆ ಶಾಂಭವಿ ಪ್ರಿಯಾಳ ಫೋನನ್ನು ಅವಳಿಗೆ ಮರಳಿಸಿ, ಕೆಮ್ಮಿ ಕೆಮ್ಮಿ ಕೆರೆದುಹೋಗಿದ್ದ ಗಂಟಲಿಗೆ ನೀರು ಕುಡಿದಳು. ನೀಲಗಂಗಮ್ಮ ಆಗಲೇ ಗಂಡನ ಹಳೇ ಧೋತರ, ಅಂಗಿ, ಕೇಸರಿ ರುಮಾಲು ತಂದಿಟ್ಟಿದ್ದಳು. ಹೊಲದ ಬೆದರುಗೊಂಬೆಗೆ ಅವನ್ನು ತೊಡಿಸಿದರು. ಮಡಕೆಯ ಬದಲು ತಲೆಗೆ ಹುಲ್ಲು ತುಂಬಿದ ಚೀಲ, ಅದರ ಮೇಲೆ ರುಮಾಲು. ನೀಲಗಂಗಮ್ಮ ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. "ಥೇಟ್ ಅವರ. ಮಾತಾಡಂಗಿಲ್ಲ ಅನ್ನೋದೊಂದ ಹೆಚ್ಚಿಗಿ."

ಇಬ್ಬನಿ ಆರಿದ ಮೇಲೆ ಶಾಂಭವಿ ಕ್ವಾರಿ ದಾರಿಯಲ್ಲಿ ಸುತ್ತಿ ಹತ್ತಿ, ಮೇಲೆ ಮಟ್ಟಸವಿದ್ದಲ್ಲಿ ನಿಂತಳು. ಗೊಂಬೆಯನ್ನು ಮಡ್‌ಗಾರ್ಡ್ ಮೇಲೆ ಕೂರಿಸಿದ್ದಳು, ಕಟ್ಟಿರಲಿಲ್ಲ. ದೊಡ್ಡಪ್ಪನನ್ನು ಯಾರೂ ಕಟ್ಟುವುದಿಲ್ಲವಲ್ಲ. ಕೆಳಗೆ ಕಣಗಳ ಅಂಚಿಗೆ ಪ್ರಿಯಾ ಹಗ್ಗ ಎಳೆದು, ಸೇರಿದ್ದ ಜನವನ್ನು ಅದರಾಚೆ ನಿಲ್ಲಿಸಿದ್ದಳು. ಬ್ಲೇಡಿಗೆ ಸಿಕ್ಕ ಕಲ್ಲು ಯಾವ ಕಡೆ ಹಾರುತ್ತದೆಂದು ಬ್ಲೇಡಿಗೂ ಗೊತ್ತಿರುವುದಿಲ್ಲ.

ಕ್ರಾಸಿನ ದಾರಿಯಲ್ಲಿ ಧೂಳೆದ್ದಿತು. ಅಲ್ಲಿ ಹೋರಿಯೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ಉಜ್ಜಿನಪ್ಪ ಗುರುಸಂಗಪ್ಪನಿಗೆ ಫೋನ್ ಹಚ್ಚಿದರೆ ಆತ ಹೊಳಲು ಊರಿನಲ್ಲಿ ಚಹಾ ಕುಡಿಯುತ್ತಿದ್ದ. ಮೇಲಾಗಿ ಕೆಮ್ಮು ವಾಸಿಯಾಗಿ ಎಂಟು ದಿನವಾಗಿತ್ತು. ಮೊಪೆಡ್ ಬರುವ ವೇಗದಲ್ಲೇ ಅವನಿಗೆ ಎಲ್ಲ ತಿಳಿದಿದೆ ಎಂದು ಶಾಂಭವಿಗೆ ತಿಳಿಯಿತು. ಈರುಳ್ಳಿ ಮಾರುವ ಭರತನಿಂದ ಇಸಿದುಕೊಂಡಿದ್ದ ಕೈಮೈಕನ್ನು ಬಾಯಿಗೆ ಹಿಡಿದಳು.

"ಏಯ್, ಹಗ್ಗ ದಾಟಬ್ಯಾಡ್ರಲೇ," ಎಂದು ಗುಡ್ಡದ ಮೇಲಿಂದ ಉಜ್ಜಿನಪ್ಪನ ದನಿ ಗುಡುಗಿತು. "ನಾ ಮಡ್‌ಗಾರ್ಡ್ ಮ್ಯಾಲೆ ಅದೀನಿ. ನನಗೇನಾಕ್ಕೈತಿ."

ಕೆಳಗಿನವರು ತಲೆಯೆತ್ತಿ ನೋಡಿದರು. ಕೇಸರಿ ರುಮಾಲು ಎಲ್ಲರಿಗೂ ಕಂಡಿತು. ಅವರ ಬೆನ್ನ ಹಿಂದೆ ಮೊಪೆಡ್ ನಿಲ್ಲಿಸಿ ಬಂದ ಉಜ್ಜಿನಪ್ಪ ಯಾರಿಗೂ ಕಾಣಲಿಲ್ಲ. ಅವನು ಬಾಯಿ ತೆರೆದವನು ಹಾಗೇ ನಿಂತ. ತಾನು ಬೈಯಬೇಕಾದ ದನಿ ಆಗಲೇ ಮೇಲೆ ಬೈಯುತ್ತಿತ್ತು.

ಶಾಂಭವಿ ಮೈಕು ಬದಿಗಿಟ್ಟು, ಪಟ್ಟಿ ಬಿಗಿದು, ಅತಿ ಕೆಳಗಿನ ಗೇರಿಗೆ ಹಾಕಿ, ನೆಟ್ಟಗೆ ಇಳಿಯತೊಡಗಿದಳು. ಯಂತ್ರ ಹುಲ್ಲು ನುಂಗುವ ಸದ್ದು ಹಿಂದಿನಿಂದ ಬರುತ್ತಿತ್ತು. ಗೊಂಬೆ ಅರ್ಧ ದಾರಿಯಾದರೂ ಬರಬಹುದೆಂದು ಅವಳ ಅಂದಾಜು. ಗಾಲಿ ಅಂಗೈಯಷ್ಟು ಉಬ್ಬು ದಾಟಿತು. ಸುಣ್ಣ ಚೆಲ್ಲುವಷ್ಟೂ ದೊಡ್ಡದಲ್ಲ. ಮೈ ಕುಲುಕಿತು, ಅಷ್ಟೆ. ಪಕ್ಕದಲ್ಲಿ ಕೇಸರಿ ಬಣ್ಣ ಇದ್ದದ್ದು ಇಲ್ಲವಾಯಿತು. ಗಾಲಿಯ ಕೆಳಗೆ ಏನೋ ಮೆತ್ತಗೆ ಸಿಕ್ಕು, ಹಿಂದಿನ ಯಂತ್ರ ಒಮ್ಮೆ ಗುಟುರು ಹಾಕಿ, ಧೋತರದ ಚಿಂದಿಯನ್ನೂ ಹುಲ್ಲನ್ನೂ ಕಾರಿತು.

ಬಿದ್ದದ್ದು ಹುಲ್ಲಿನ ಗೊಂಬೆ ಎಂದು ಶಾಂಭವಿಗೆ ಗೊತ್ತಿತ್ತು. ಆದರೂ ಚೇಷ್ಟೆಗೆಂದು ಮಾಡಿದ್ದು ಪಾಠವಾಗಿ ತನಗೇ ಮೊದಲು ತಟ್ಟಿತು. ಕಾಲು ತನ್ನಷ್ಟಕ್ಕೆ ಕ್ಲಚ್ಚಿನ ಕಡೆ ಹೋಯಿತು. ಅವಳು ಅದನ್ನು ಹಿಂದಕ್ಕೆಳೆದುಕೊಂಡು, ಅದೇ ನಡಿಗೆಯಲ್ಲಿ ಬುಡದವರೆಗೆ ಇಳಿದು, ಮಟ್ಟಸ ನೆಲದಲ್ಲಿ ಯಂತ್ರ ನಿಲ್ಲಿಸಿ ಇಂಜಿನ್ ಆರಿಸಿದಳು.

ಆಗ ಕೇಳಿಸಿತು ಚೌಡಕ್ಕನ ಅಳು. ಯಾರ ಸಾವಿಗಾದರೂ ಹಾಡಿಕೊಂಡು ಅಳಲು ಊರವರು ಕರೆಯುತ್ತಿದ್ದದ್ದು ಅವಳನ್ನೇ. ಇವತ್ತು ಕರೆಯುವ ಮೊದಲೇ ಶುರು ಮಾಡಿದ್ದಳು.

"ಎತ್ತಿನ ಹಲ್ಲು ನೋಡಾಂವ, ಯಣ್ಣಾ, ನಿನ್ನ ಹಲ್ಲು ಎಲ್ಲಿ ಹುಡುಕಲೋ... ಊರ ಜಗಳ ಹರಿಸಾಂವ, ಯಣ್ಣಾ, ನಿನ್ನ ರುಮಾಲ ಹರದು ಹೋತಲ್ಲೋ... ದಸರಿಗೆ ಒಯ್ದ ಕುಡುಗೋಲು, ಯಣ್ಣಾ, ಯಾವ ಮೂಲ್ಯಾಗ ಇಟ್ಟು ಹೋದ್ಯೋ..."

"ದನದ ಮನಿ ತೊಲಿ ಸಂದ್ಯಾಗ ಐತವ," ಎಂದಿತು ಬೆನ್ನ ಹಿಂದಿನ ದನಿ. "ಕಳಸ್ತೀನಿ."

ಚೌಡಕ್ಕ ಅಳು ನಿಲ್ಲಿಸಿ ತಿರುಗಿದಳು. ಮೇಲಿಂದ ಕೆಳಗೆ ಅವನನ್ನು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದ್ದಾಗ ಕೊಡಲಿಲ್ಲ, ಸತ್ತು ಕೊಡಾಕ ಬಂದಿ."

ಯಾರೂ ನಗಲಿಲ್ಲ, ಉಜ್ಜಿನಪ್ಪ ನಗದಿದ್ದರಿಂದ. ಅವನು ಹಗ್ಗ ದಾಟಿ, ಕೊಯ್ದ ಪಟ್ಟೆಯಲ್ಲಿ ಹತ್ತಿ ಹೋಗಿ, ಕೇಸರಿ ಚಿಂದಿಯೊಂದನ್ನು ಹೆಕ್ಕಿಕೊಂಡು ಇಳಿದು ಬಂದ. ಟ್ರ್ಯಾಕ್ಟರಿಗೆ ಕೈ ಹಾಕಿ ಕೀಲಿಕೈ ಕಿತ್ತುಕೊಂಡ.

ಒಂದೇ ಪಟ್ಟೆ ಆಗಿತ್ತು. ಗುಡ್ಡದ ಉಳಿದ ಹುಲ್ಲು ಎದೆಮಟ ನಿಂತು ಗಾಳಿಗೆ ಓಲಾಡುತ್ತಿತ್ತು. ಶಾಂಭವಿ ಸೀಟಿನಿಂದ ಇಳಿದು ದೊಡ್ಡಪ್ಪನೆದುರು ನಿಂತಳು.

"ಇದು ನಿಮ್ಮ ದೊಡ್ಡವ್ವನ ತವರುಮನ್ಯಾಗ ಕೊಟ್ಟ ರುಮಾಲು," ಅಂದ.

"ನಾನ ಕೊಟ್ಟು ಕಳಿಸೀನಿ," ಅಂದಳು ನೀಲಗಂಗಮ್ಮ ಹಗ್ಗದಾಚೆಯಿಂದ. "ರುಮಾಲು ಹೋದ್ರೂ ತಲಿ ಉಳೀಲಿ ಅಂತ."

"ಅದು ಗೊಂಬಿ. ಬಿತ್ತು. ನಾ ಆಗಿದ್ರ ಬೀಳ್ತಿದ್ದಿಲ್ಲ. ನನಗ ಹಿಡಕೊಳ್ಳಾಕ ಕೈ ಅದಾವ."

"ಅದಾವ ದೊಡ್ಡಪ್ಪ," ಶಾಂಭವಿ ತನ್ನದೇ ದನಿಯಲ್ಲಿ, ಮೆಲ್ಲಗೆ ಅಂದಳು. "ಆದ್ರ ನೀ ಎರಡೂ ಕೈಲಿ ದಾರಿ ತೋರಸ್ತಿರ್ತಿ."

ಉಜ್ಜಿನಪ್ಪ ತನ್ನ ಕೈಗಳನ್ನು ನೋಡಿಕೊಂಡ. ಒಂದು ಚಿಂದಿ ಹಿಡಿದು ಗುಡ್ಡದ ಕಡೆ ಚಾಚಿತ್ತು, ಇನ್ನೊಂದು ಕೀಲಿಕೈ ಹಿಡಿದು ಊರಿನ ಕಡೆ. ಎರಡನ್ನೂ ನಿಧಾನವಾಗಿ ಇಳಿಸಿದ. ಗುಡ್ಡದ ಮೇಲಿನ ನೆಟ್ಟನೆಯ ಪಟ್ಟೆಯನ್ನು ಅಳೆಯುವವನಂತೆ ದಿಟ್ಟಿಸಿದ. ಸಾಲು ನೋಡಿ ಗೊತ್ತಿದ್ದ ಕಣ್ಣು. ಸಾಲು ಎಲ್ಲೂ ಸೊಟ್ಟಗಾಗಿರಲಿಲ್ಲ.

"ಹೊತ್ತು ಏರಾಕತ್ತೈತಿ," ಎಂದು ಕೀಲಿಕೈಯನ್ನು ಅವಳ ಅಂಗೈಗೆ ಹಾಕಿದ. "ಮುಗಸು."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಉಜ್ಜಿನಪ್ಪ ಹಗ್ಗದ ಬದಿಯ ಕಲ್ಲಿನ ಮೇಲೆ ಹೋಗಿ ಕುಳಿತ.

ಶಾಂಭವಿ ಮತ್ತೆ ಸುತ್ತಿ ಹತ್ತಿದಳು, ನೆಟ್ಟಗೆ ಇಳಿದಳು. ಹತ್ತಿದಳು, ಇಳಿದಳು. ಸುಣ್ಣದ ಗುರುತು ಬಂದಲ್ಲಿ ನಿಂತು, ಯಂತ್ರ ಎತ್ತಿ, ದಾಟಿದಳು. ಅವಸರ ಮಾಡಲಿಲ್ಲ, ಬಿಡಲೂ ಇಲ್ಲ. ಬಿಸಿಲೇರಿದಾಗ ಕೊಯ್ದ ಹುಲ್ಲು ಗಾಲಿಯ ಕೆಳಗೆ ಎಣ್ಣೆಯ ಹಾಗಾಯಿತು. ಬಂಡೆಯ ಬಲಕ್ಕೆ ಇಳಿಯುವಾಗ ಒಮ್ಮೆ ಗಾಡಿ ತಾನೇ ಮುಂದಾಗಿ ಜಾರತೊಡಗಿತು. ಕ್ಲಚ್ಚು ಒತ್ತು, ಒತ್ತು ಎಂದು ಕಾಲು ಬೇಡಿಕೊಂಡಿತು. ಒತ್ತಿದರೆ ಗೇರಿನ ಹಿಡಿತ ಬಿಟ್ಟು ಗಾಡಿ ಗುಡ್ಡದ ಪಾಲಾಗುತ್ತದೆ. ಅವಳು ಪಾದವನ್ನು ಕ್ಲಚ್ಚಿನಿಂದ ದೂರವಿಟ್ಟು, ಸ್ಟೇರಿಂಗನ್ನು ಅತ್ತಿತ್ತ ಅಲುಗಿಸದೆ, ಹಿಂದಿನ ಯಂತ್ರವನ್ನು ಲಂಗರಿನ ಹಾಗೆ ಪೂರ್ತಿ ನೆಲಕ್ಕೆ ಇಳಿಬಿಟ್ಟಳು. ಇಂಜಿನ್ ಹಲ್ಲು ಕಚ್ಚಿದಂತೆ ಮೊರೆಯಿತು. ಗಾಡಿ ಮತ್ತೆ ತನ್ನ ಆಮೆನಡಿಗೆಗೆ ಬಂತು.

ಕೆಳಗೆ ಉಜ್ಜಿನಪ್ಪ ಎದ್ದು ನಿಂತಿದ್ದ. ಅಡ್ಡ ತಿರುಗಿಸು ಎನ್ನಲು ಎರಡೂ ಕೈ ಎತ್ತಿದ್ದ. ಅವಳು ನೋಡುತ್ತಿದ್ದಂತೆ ಕೈ ಇಳಿಸಿ, ಬೆನ್ನ ಹಿಂದೆ ಒಯ್ದು, ಒಂದರಿಂದ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡ.

ಹೊತ್ತು ಇಳಿಯುವಷ್ಟರಲ್ಲಿ ಗುಡ್ಡದ ಬುಡ ಹಜಾಮನ ಕೈಯಿಂದ ಎದ್ದು ಬಂದ ಗಲ್ಲದಂತೆ ನುಣ್ಣಗಾಗಿತ್ತು, ಬಂಡೆಯ ಸುತ್ತ ಒಂದಿಷ್ಟು ಮೀಸೆ ಬಿಟ್ಟು. ಶಾಂಭವಿ ಇಂಜಿನ್ ಆರಿಸುವಾಗ ಉಜ್ಜಿನಪ್ಪ ಆಗಲೇ ಬಂಡೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಕೊಯ್ಯುತ್ತಿದ್ದ. ಕೈಯಲ್ಲಿದ್ದದ್ದು ಚೌಡಕ್ಕನ ಕುಡುಗೋಲು. ಅವಳೂ ಪ್ರಿಯಾಳೂ ಕುಡುಗೋಲು ಹಿಡಿದು ಜೊತೆಗೆ ಕೂತರು. ಕೊನೆಯ ಹಿಡಿ ಕೊಯ್ದು ಎಲ್ಲರೂ ಕಣಕ್ಕಿಳಿದಾಗ ನೀಲಗಂಗಮ್ಮ ಚಹಾದ ಪಾತ್ರೆ ತಂದಿದ್ದಳು.

ಉಜ್ಜಿನಪ್ಪ ಕುಡುಗೋಲನ್ನು ಚೌಡಕ್ಕನ ಮುಂದಿಟ್ಟ. "ತಗೋ. ಇನ್ನ ನನ್ನ ಅಳುವಾಗ ಇದರ ಸುದ್ದಿ ಬರಂಗಿಲ್ಲಲ್ಲ?"

"ಅಷ್ಟು ಹಾಡಿದೆ, ಎಲ್ಲ ದಂಡ ಆತು," ಅಂದಳು ಚೌಡಕ್ಕ. "ಇನ್ನೂ ಅರ್ಧ ಉಳದಿತ್ತು."

"ಉಳದದ್ದು ಹಾಡು."

"ಏನಂತಿಯಣ್ಣಾ?"

"ಹಾಡವ. ಖರೇನ ಹೋದಾಗ ಕೇಳಾಕ ನಾ ಇರಂಗಿಲ್ಲ." ಅವನು ಶಾಂಭವಿಯತ್ತ ತಿರುಗಿದ. ಬೆಳಗಿನಿಂದ ಮೊದಲ ಸಲ ಅವಳ ಮುಖ ನೋಡಿದ. "ಏಯ್ ಗುರುಸಂಗಪ್ಪ. ಆ ಮೈಕು ತಗೋ. ಆಕಿ ಹಾಡಲಿ, ನೀ ನನ್ನ ದನ್ಯಾಗ ಉತ್ತರ ಕೊಡು. ಎಷ್ಟು ಚಂದ ಸತ್ತೀನಿ ನೋಡೂಣು."

ಚೌಡಕ್ಕ ಸೆರಗು ಬಾಯಿಗಿಟ್ಟು, ಗಂಟಲು ಸರಿಮಾಡಿಕೊಂಡು ಎತ್ತಿಕೊಂಡಳು: "ಮಡ್‌ಗಾರ್ಡಿನ ಸಿಂಹಾಸನ, ಯಣ್ಣಾ, ಯಾರಿಗಿ ಬಿಟ್ಟು ಹೋದ್ಯೋ..."

"ಯಾರಿಗೂ ಬಿಟ್ಟಿಲ್ಲಲೇ," ಮೈಕಿನಿಂದ ಉಜ್ಜಿನಪ್ಪನ ಆತ್ಮ ಗದರಿತು. "ಹೀರೀಬಳ್ಳಿ ಹಬ್ಬಸ್ರಿ ಅದರ ಮ್ಯಾಲೆ. ಮತ್ತ ಯಮನ ಕೋಣಕ್ಕ ಹಲ್ಲು ನೋಡೀನಿ, ಮುದಿ ಐತಿ, ಯಾರೂ ಕೊಳ್ಳಬ್ಯಾಡ್ರಿ."

ಪ್ರಿಯಾ ಮೊದಲು ನಕ್ಕಳು, ನೀಲಗಂಗಮ್ಮ ಚಹಾ ಚೆಲ್ಲಿಕೊಂಡು ನಕ್ಕಳು, ಅಳುವಾಗಲೇ ಚೌಡಕ್ಕನಿಗೆ ನಗು ಬಂದು ಹಾಡು ಮುರಿಯಿತು. ಅವರೆಲ್ಲರ ನಗುವಿನ ಮೇಲೆ ಇನ್ನೊಂದು ನಗು ಎದ್ದಿತು. ಉಜ್ಜಿನಪ್ಪ ಕಣದ ನೆಲದಲ್ಲಿ ಕುಕ್ಕರಿಸಿ, ಹರಿದ ರುಮಾಲಿನ ಚಿಂದಿಯಿಂದ ಕಣ್ಣೊರೆಸಿಕೊಳ್ಳುತ್ತಾ, ಉಸಿರು ಸಿಕ್ಕಾಗಲೆಲ್ಲ "ಇನ್ನೊಮ್ಮಿ, ಇನ್ನೊಮ್ಮಿ" ಅನ್ನುತ್ತಾ ನಗುತ್ತಿದ್ದ. ಆ ನಗು ಬೋಳುಗುಡ್ಡಕ್ಕೆ ಹೋಗಿ ಬಡಿದು, ತಡೆಯುವ ಹುಲ್ಲು ಒಂದೂ ಇಲ್ಲದ್ದರಿಂದ, ಹೋದದ್ದಕ್ಕಿಂತ ದೊಡ್ಡದಾಗಿ ತಿರುಗಿ ಬಂತು.